ಮರದಲ್ಲೇ ಹುಟ್ಟಿದ ಬಣ್ಣ

ಅತ್ತಿಗೆ ಗಾಜಿನ ಮುಖ ಕೇಳಿದಳು. ಮೇಸ್ತ್ರಿ ಕೊಡಲಿಲ್ಲ.

ಅವಳೇನೂ ಕದ್ದುಮುಚ್ಚಿ ಕೇಳಿರಲಿಲ್ಲ. ಬೆಳಿಗ್ಗೆ ಲೇತುಗಳು ಶುರುವಾಗುವ ಮೊದಲು, ಎಲ್ಲರ ಎದುರಿಗೇ ಕೇಳಿದಳು. ಅವಳ ಲೇತಿನ ಕಬ್ಬಿಣದ ತಟ್ಟೆಗೆ ಒಂದು ದೊಡ್ಡ ಕೊರಡನ್ನು ಸ್ಕ್ರೂ ಹಾಕಿ ಬಿಗಿದಿದ್ದರು. ಕಷ್ಟಪಟ್ಟರೆ ಇಬ್ಬರು ತಬ್ಬಿ ಎತ್ತಬಹುದಾದಂಥ ಕೊರಡು. ಹೊರಮೈಯನ್ನು ಹಿಂದಿನ ದಿನವೇ ಕಡೆದು ದುಂಡಗೆ ಮಾಡಿದ್ದಳು. ಇನ್ನು ಒಳಗನ್ನು ತೋಡಬೇಕು, ತೋಡಿದರೆ ಅದು ಬಟ್ಟಲಾಗುತ್ತದೆ. ಅಂಚಿನಿಂದ ಹೊಟ್ಟೆಯವರೆಗೆ ಒಂದು ಬಿರುಕು ಇಳಿದಿತ್ತು. ಯಾರಿಗೂ ಕಾಣದ ಬಿರುಕೇನಲ್ಲ. ಕಸ ಗುಡಿಸುವವಳೂ ನೋಡಿ, "ಇದೇನಿದು, ಬಾಯಿ ಬಿಟ್ಕೊಂಡಿದೆ," ಅಂದಿದ್ದಳು.

"ಒಳಗೆ ತೋಡ್ತಾ ಹೋದ ಹಾಗೆ ಗೋಡೆ ತೆಳ್ಳಗಾಗುತ್ತೆ ಕಣೋ," ಅಂದಳು ಅತ್ತಿಗೆ. "ಬಿರುಕು ಸುಮ್ನಿರಲ್ಲ. ಇವತ್ತೊಂದು ದಿನ ಆ ಮುಖ ಕೊಡು. ಕೆಲಸ ಮುಗಿದ ತಕ್ಷಣ ಒರೆಸಿ ವಾಪಸ್ ಕೊಡ್ತೀನಿ."

ಮೇಸ್ತ್ರಿ ಬೀರುವಿನ ಕಡೆ ನೋಡಿದ. ಬೀಗದಕೈ ಅವನ ಸೊಂಟದಲ್ಲೇ ಇತ್ತು.

"ಯಜಮಾನ್ರಿಗೆ ಇದೇ ಕೊರಡೇ ಬೇಕಂತೆ. ಬಿರುಕಿಗೆ ಅಂಟು ಸುರಿದು ಬಿಗಿದಿದ್ದೀನಿ ಅತ್ತಿಗೆ. ಏನೂ ಆಗಲ್ಲ. ಆ ಮುಖಕ್ಕೆ ಒಂದು ಗೀರು ಬಿದ್ರೂ ಯಜಮಾನ್ರು ನನ್ನ ಚರ್ಮ ಸುಲೀತಾರೆ. ನಾಳಿದ್ದು ನೋಡೋಕೆ ಜನ ಬೇರೆ ಬರ್ತಿದ್ದಾರೆ."

ಗಾಜಿನ ಮುಖ ಅಂದರೆ ಹೆಸರಿಗೆ ಗಾಜು, ನಿಜಕ್ಕೆ ಪ್ಲಾಸ್ಟಿಕ್. ಹಣೆಗೆ ಪಟ್ಟಿ ಕಟ್ಟಿಕೊಂಡರೆ ಗಲ್ಲದ ಕೆಳಗಿನವರೆಗೂ ಮುಖ ಮುಚ್ಚುವ ಪಾರದರ್ಶಕ ಹಾಳೆ. ಅಷ್ಟು ದೊಡ್ಡ ಕಾರ್ಖಾನೆಗೆ ಇದ್ದದ್ದು ಒಂದೇ. ನೋಡುವವರು ಬಂದ ದಿನ ಅದು ಬೀರುವಿನಿಂದ ಹೊರಗೆ ಬರುತ್ತಿತ್ತು. ಯಾರಾದರೊಬ್ಬರಿಗೆ ಹಾಕಿ ಮುಂದಿನ ಲೇತಿಗೆ ನಿಲ್ಲಿಸುತ್ತಿದ್ದರು. ಬಂದವರು ಫೋಟೋ ತೆಗೆದುಕೊಂಡು, "ಎಷ್ಟು ಜೋಪಾನ ಮಾಡ್ತೀರಿ," ಅಂತ ಯಜಮಾನನ ಬೆನ್ನು ತಟ್ಟಿ ಹೋಗುತ್ತಿದ್ದರು. ಅವರು ಹೋದ ಮೇಲೆ ಮೆತ್ತನೆಯ ಬಟ್ಟೆಯಲ್ಲಿ ಒರೆಸಿ ಮತ್ತೆ ಬೀಗ. ಉಳಿದ ದಿನ ಎಲ್ಲರೂ ಮೂಗಿಗೆ ಟವೆಲ್ ಸುತ್ತಿ, ಕಣ್ಣು ಅರ್ಧ ಮುಚ್ಚಿ ಕಡೆಯುತ್ತಿದ್ದರು.

ಕಡೆಯುವವರೆಲ್ಲ ಚರಂಡಿಯಾಚೆಯವರು. ಊರಿನ ಕೊಳೆಯೆಲ್ಲ ಹರಿಯುವ ದೊಡ್ಡ ಚರಂಡಿಯ ಆಚೆ ದಡದಲ್ಲಿ ಅವರ ಓಣಿಗಳಿದ್ದವು. ಕಾರ್ಖಾನೆಗೆ ಅವರು ಬರುತ್ತಿದ್ದದ್ದು ಹಿಂದಿನ ಗೇಟಿನಿಂದ. ಮುಂದಿನ ಬಾಗಿಲು, ಮೆಟ್ಟಿಲು, ದೀಪ ಹಾಕಿದ ಪ್ರದರ್ಶನದ ಹಾಲ್ ಅವರದಲ್ಲ. ಹೂದಾನಿ, ಬಟ್ಟಲು, ಪೆಟ್ಟಿಗೆ, ದೀಪದ ಕಂಬ, ಮಕ್ಕಳ ತೊಟ್ಟಿಲಿನ ಗುಂಡು, ಏನೇ ಕಡೆದರೂ ಪಾಲಿಶ್ ಆದ ಮೇಲೆ ಮುಂದಿನ ಹಾಲ್‌ನವರು ಬಿಳಿ ಕೈಗವಸು ಹಾಕಿಕೊಂಡು ಬಂದು ಎತ್ತಿಕೊಂಡು ಹೋಗುತ್ತಿದ್ದರು. ಆಮೇಲೆ ಕಡೆದವರು ಅದನ್ನು ಮುಟ್ಟುವ ಹಾಗಿರಲಿಲ್ಲ. ಹಾಲ್‌ನ ಬೋರ್ಡಿನ ಮೇಲೆ ಯಜಮಾನನ ಫೋಟೋ, ಅದರ ಕೆಳಗೆ "ಇವರ ಕೈಚಳಕ" ಎಂಬ ಬರಹ. ಆ ಕೈಗೆ ಉಳಿ ಹಿಡಿದು ಗೊತ್ತಿರಲಿಲ್ಲ.

ಮೇಸ್ತ್ರಿಯೂ ಚರಂಡಿಯಾಚೆಯವನೇ. ಅವನಿಗೆ ಕಡೆಯುವುದನ್ನು ಕಲಿಸಿದವಳು ಅತ್ತಿಗೆ. ಅಣ್ಣನ ಕೈ ಹಿಡಿದು ಬಂದಾಗ ಅವಳು ತವರಿಂದ ತಂದದ್ದು ಅಪ್ಪನ ಉಳಿಗಳ ಗಂಟು. ಆಗ ಮೈದುನ ಹಾದಿಬೀದಿ ಅಲೆಯುವ ಉಡಾಳ. ಅವನ ಹಿಂದೆ ನಿಂತು, ಅವನ ಎರಡು ಕೈ ಮೇಲೆ ತನ್ನ ಕೈ ಇಟ್ಟು, "ಒತ್ತಬೇಡ. ಮರ ತಾನೇ ತಿರುಗ್ತಾ ಇದೆ, ನೀನು ಸುಮ್ನೆ ಉಳಿ ತೋರಿಸು," ಅಂತ ಹೇಳಿಕೊಟ್ಟಿದ್ದಳು. ಆಮೇಲೆ ಯಜಮಾನ ಅವನನ್ನೇ ಆರಿಸಿ ಮೇಸ್ತ್ರಿ ಮಾಡಿದ. ಅಂದು ಓಣಿಯವರೆಲ್ಲ ಸಂತೋಷಪಟ್ಟರು. ನಮ್ಮವನೊಬ್ಬ ಮೇಲೆ ಹೋದ ಅಂದುಕೊಂಡರು. ಗಣೆಯೊಬ್ಬ ಮಾತ್ರ ನಕ್ಕಿದ್ದ. ಗಣೆ ಅಂದರೆ ಅತ್ತಿಗೆಯ ಪಕ್ಕದ ಲೇತಿನವನು, ಬಿದಿರುಗಣೆಯ ಹಾಗೆ ಉದ್ದಕ್ಕೆ ಬೆಳೆದಿದ್ದಕ್ಕೆ ಆ ಹೆಸರು.

ಅತ್ತಿಗೆ ಮತ್ತೆ ಕೇಳಲಿಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ಟವೆಲನ್ನು ಮೂಗಿಗೆ ಕಟ್ಟಿದಳು. ಲೇತ್ ಶುರುಮಾಡಿದಳು.

ಮಧ್ಯಾಹ್ನದ ಹೊತ್ತಿಗೆ ಬಟ್ಟಲು ಬಟ್ಟಲಾಗಿತ್ತು. ಕಡೆದ ಮರದ ಹೆರೆ ಅವಳ ಮೊಣಕಾಲಿನವರೆಗೆ ಬಿದ್ದಿತ್ತು. ಕೈ, ಕುತ್ತಿಗೆ, ರೆಪ್ಪೆ ಎಲ್ಲ ಪುಡಿ. ಒಳಗೆ ಕೊನೆಯ ಸುತ್ತು ತೆಗೆಯುತ್ತಿದ್ದಳು. ಮೇಸ್ತ್ರಿ ಬೀರುವಿನ ಹತ್ತಿರ ನಿಂತು ಒಂದು ಹೂದಾನಿಯ ಕುತ್ತಿಗೆ ಅಳೆಯುತ್ತಿದ್ದ. ಬಡಿಗೆಯಿಂದ ಹಲಗೆಗೆ ಬಾರಿಸಿದಂಥ ಒಂದು ಸದ್ದು ಕೇಳಿತು.

ಬಟ್ಟಲಿನ ಮೂರನೇ ಒಂದು ಪಾಲು ಬಿರುಕಿನುದ್ದಕ್ಕೂ ಸೀಳಿ ಹಾರಿತ್ತು. ಉಳಿದದ್ದು ತಟ್ಟೆಗೆ ಅಂಟಿಕೊಂಡು ಒದ್ದಾಡುತ್ತ ತಿರುಗುತ್ತಲೇ ಇತ್ತು. ಅತ್ತಿಗೆ ನಿಂತಿದ್ದ ಜಾಗದಲ್ಲಿ ಅತ್ತಿಗೆ ಇರಲಿಲ್ಲ. ಗಣೆ ಹಾರಿ ಬಂದು ಲೇತ್ ನಿಲ್ಲಿಸಿದ. ಅವಳು ಹೆರೆಯ ರಾಶಿಯಲ್ಲಿ ಬೋರಲಾಗಿ ಬಿದ್ದಿದ್ದಳು. ಹಾರಿದ ಚೂರು ಮುಖದಡಿಗೇ ಇತ್ತು. ಎತ್ತಿ ತಿರುಗಿಸಿದರು. ಮೇಸ್ತ್ರಿ ನೋಡಿದ, ಆಮೇಲೆ ನೋಡಲಿಲ್ಲ. ಅವಳು ಕಿರುಚಲಿಲ್ಲ. "ದೀಪ ಹಾಕ್ರೋ, ಯಾಕೆ ಕತ್ತಲು ಮಾಡಿದ್ದೀರಿ," ಅಂದಳು. ನಡುಮಧ್ಯಾಹ್ನದ ಬಿಸಿಲು ಕಿಟಕಿಯಿಂದ ಅವಳ ಮೇಲೆಯೇ ಬೀಳುತ್ತಿತ್ತು.

ಸಾಮಾನು ಸಾಗಿಸುವ ಗಾಡಿಯಲ್ಲಿ ಆಸ್ಪತ್ರೆಗೆ ಸಾಗಿಸಿದರು. ಹೊರಡುವ ಮೊದಲು ಯಜಮಾನ ಮೇಸ್ತ್ರಿಯ ತೋಳು ಹಿಡಿದು ಪಕ್ಕಕ್ಕೆ ಎಳೆದ.  "ಮನೇಲಿ ಆಯ್ತು ಅನ್ನು. ಇಲ್ಲಿ ಅಂದ್ರೆ ಪೊಲೀಸು, ಬಾಗಿಲಿಗೆ ಬೀಗ. ಎಲ್ಲರ ಹೊಟ್ಟೆ ಮೇಲೆ ಹೊಡೀಬೇಡ. ನಾನು ಕೈ ಬಿಡಲ್ಲ ಅಂತ ನಿಂಗೊತ್ತಲ್ಲ?"

ಆಸ್ಪತ್ರೆಯ ಕಿಟಕಿಯ ಹಿಂದೆ ಕೂತ ಹುಡುಗಿ, "ಹೇಗಾಯ್ತು?" ಅಂದಳು.

"ಮನೇಲಿ, ಸೌದೆ ಒಡೀತಾ ಇದ್ಲು," ಅಂದ ಮೇಸ್ತ್ರಿ.

ಪಕ್ಕದಲ್ಲಿ ಅಣ್ಣ ನಿಂತಿದ್ದ. ಮರ ಕೊಯ್ಯುವ ಮಿಲ್ಲಿನಿಂದ ಹಾಗೇ ಓಡಿ ಬಂದಿದ್ದ. ವರ್ಷಗಟ್ಟಲೆ ಗರಗಸದ ಯಂತ್ರ ಹಿಡಿದು ಹಿಡಿದು ಅವನ ಕೈ ಯಾವಾಗಲೂ ನಡುಗುತ್ತಿತ್ತು. ಅವನು ತಮ್ಮನ ಮುಖ ನೋಡಿದ. ಆ ನೋಟಕ್ಕಿಂತ ಎರಡು ಏಟು ಬಿಗಿದಿದ್ದರೆ ಚೆನ್ನಾಗಿತ್ತು.

ಎಡಗಣ್ಣನ್ನು ತೆಗೆದುಹಾಕಿದರು. ಕೆನ್ನೆಯ ಮೂಳೆಗೆ ತಂತಿ ಹಾಕಿ ಕೂಡಿಸಿದರು.

ಅತ್ತಿಗೆ ಮನೆಗೆ ಬಂದಳು. ಬಟ್ಟೆಯ ಪಟ್ಟಿ ಅರ್ಧ ಮುಖ ಮುಚ್ಚಿತ್ತು. ಮೇಸ್ತ್ರಿ ಕೆಲಸಕ್ಕೆ ಹೋಗುವಾಗೊಮ್ಮೆ ಬರುವಾಗೊಮ್ಮೆ ಅಲ್ಲಿಗೆ ಹೋಗುತ್ತಿದ್ದ. ಹಣ್ಣು ಒಯ್ಯುತ್ತಿದ್ದ. ಬಾಗಿಲಲ್ಲೇ ಇಟ್ಟು, ಪಾತ್ರೆಗಳ ಕಡೆ ನೋಡುತ್ತ ಮಾತಾಡಿ ಬರುತ್ತಿದ್ದ. ಓಣಿಯಲ್ಲಿ ಯಾರಾದರೂ ಇಬ್ಬರು ನಿಂತು ಪಿಸುಗುಟ್ಟಿದರೆ ತನ್ನ ಸುದ್ದಿಯೇ ಅನ್ನಿಸುತ್ತಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಅವನು ಹೆಗಲು ಮುಟ್ಟಿಕೊಳ್ಳುತ್ತಲೇ ಓಡಾಡಿದ. ಊಟಕ್ಕೆ ಕೂತರೆ ಬೀಗದಕೈ ಸೊಂಟಕ್ಕೆ ಒತ್ತುತ್ತಿತ್ತು. ಬಿಚ್ಚಿ ಗೂಡಿನಲ್ಲಿಟ್ಟ. ಆಗಲೂ ಒತ್ತಿದಂತೆಯೇ ಅನಿಸುತ್ತಿತ್ತು.

ಹಾಗಿರುವಾಗ ಯಜಮಾನ ಕರೆದು, "ಆ ಒಡೆದ ಬಟ್ಟಲು ಬಿಸಾಕಿದ್ಯಾ?" ಅಂತ ಕೇಳಿದ.

ಬಿಸಾಕಿರಲಿಲ್ಲ. ಯಾಕೆ ಅಂತ ಅವನಿಗೂ ಗೊತ್ತಿರಲಿಲ್ಲ. ಎರಡು ಚೂರನ್ನೂ ಗೋಣಿಚೀಲದಲ್ಲಿ ಸುತ್ತಿ ಹೆರೆಯ ಮೂಟೆಗಳ ಹಿಂದೆ ತುರುಕಿದ್ದ.

"ಒಳ್ಳೇದಾಯ್ತು," ಅಂದ ಯಜಮಾನ. "ಅದನ್ನ ಕೂಡಿಸು. ಅಂಟಿಗೆ ಹಿತ್ತಾಳೆ ಪುಡಿ ಕಲಸಿ ಬಿರುಕಿಗೆ ತುಂಬು. ಒಡೆದದ್ದು ಕಾಣ್ಬೇಕು, ಮುಚ್ಚಬಾರದು. ಈಗ ಅದೇ ಬೇಕು ಜನಕ್ಕೆ. ಪ್ರದರ್ಶನದಲ್ಲಿ ನಡುವೆ ಅದನ್ನೇ ಇಡೋಣ."

ಮೇಸ್ತ್ರಿ ಬಾಯಿ ತೆರೆದ. "ಯಜಮಾನ್ರೇ, ಅದಕ್ಕೆ ಅತ್ತಿಗೆದು..." ಅಂತ ನಿಲ್ಲಿಸಿದ.

"ಏನು?"

"ಏನಿಲ್ಲ."

ಏನಿಲ್ಲ ಅಂದ. ಹೌದು, ಹಾಗೇ ಅಂದ.

ಚೂರುಗಳನ್ನು ಹೊರಗೆ ತೆಗೆದ. ಮರ ತಿಳಿ ಬಣ್ಣದ್ದು, ಹಸುಗೂಸಿನ ಅಂಗಾಲಿನಂಥ ಬಣ್ಣ. ಹಾರಿದ ಚೂರಿನ ಒಳಮೈಯಲ್ಲಿ ಅಂಗೈ ಅಗಲದ ಕಲೆ ಇತ್ತು, ಒಣಗಿ ಕಂದಾಗಿತ್ತು. ಒದ್ದೆ ಬಟ್ಟೆಯಲ್ಲಿ ಒರೆಸಿದ. ಹೋಗಲಿಲ್ಲ. ಬಿಸಿನೀರು ಹಾಕಿದ, ಇನ್ನೂ ಒಳಕ್ಕೆ ಇಳಿಯಿತು. ಸ್ಯಾಂಡ್ ಪೇಪರ್ ಹಿಡಿದು ಉಜ್ಜಿದ. ಕೆಂಪು ಪುಡಿ ಉದುರಿ ಅವನ ಉಗುರುಸಂದಿಗೆ ಸೇರಿತು. ಮರದ ಎಳೆಗಳ ಬಾಯಿ ತೆರೆದಿದ್ದವು, ಅವು ಕುಡಿದುಬಿಟ್ಟಿದ್ದವು. ಇನ್ನೂ ಉಜ್ಜಿದರೆ ಗೋಡೆಯೇ ತೂತು ಬೀಳುತ್ತಿತ್ತು. ಯಜಮಾನ ಬಂದು ಬಗ್ಗಿ ನೋಡಿ, "ಬಿಡು, ಇರಲಿ. ಮೋಡದ ಹಾಗಿದೆ. ಚೆನ್ನಾಗಿದೆ," ಅಂದ.

ಮೇಸ್ತ್ರಿ ಚೂರು ಕೂಡಿಸಿದ. ಬಿಗಿದ. ಹಿತ್ತಾಳೆ ಪುಡಿಯನ್ನು ಅಂಟಿಗೆ ಕಲಸಿ ಸಣ್ಣ ಕಡ್ಡಿಯಲ್ಲಿ ಬಿರುಕಿಗೆ ತುಂಬಿದ. ಒಣಗಿದ ಮೇಲೆ ಲೇತಿಗೆ ಹಾಕಿ, ಉಸಿರು ಬಿಗಿಹಿಡಿದು ನಿಧಾನಕ್ಕೆ ನಯ ಮಾಡಿದ. ಎಣ್ಣೆ ಬಳಿದ. ಎಣ್ಣೆ ಬೀಳುತ್ತಲೇ ಕಂದು ಕಲೆ ಜೀವ ಬಂದಂತೆ ಕೆಂಪಗೆ ಎದ್ದಿತು. ಅದರ ನಡುವೆ ಹೊನ್ನಿನ ಗೆರೆ ಮಿಂಚು ಹೊಡೆದ ಹಾಗೆ ಓಡಿತು. ಅವನ ಬಾಯಿಂದ, ಅವನಿಗೇ ತಿಳಿಯದೆ, "ಭೇಷ್!" ಅಂತ ಬಂತು.

ಒಂದು ಗಳಿಗೆ ಅವನು ಅತ್ತಿಗೆಯನ್ನು ಮರೆತಿದ್ದ. ಕೈ ಖುಷಿಪಟ್ಟಿತ್ತು. ಬೇರೆ ಎಲ್ಲದಕ್ಕೂ ಅವನಿಗೊಂದು ನೆಪ ಸಿಕ್ಕೀತು. ಯಜಮಾನ ಹೇಳಿದ, ಹೊಟ್ಟೆಪಾಡು, ಹೆದರಿಕೆ. ಆ ಭೇಷ್ ಅನ್ನುವುದಕ್ಕೆ ಯಾರ ಒತ್ತಾಯವೂ ಇರಲಿಲ್ಲ. 

ಅಂದು ಸಂಜೆ ಅತ್ತಿಗೆ ಕೇಳಿದಳು. "ಆ ಬಟ್ಟಲು ಏನ್ಮಾಡಿದ್ರಿ?"

"ಒಲೆಗೆ ಹಾಕಿದ್ವಿ."

"ಒಳ್ಳೇದು ಮಾಡಿದ್ರಿ," ಅಂದಳು. "ಅದರ ಮುಖ ನೋಡೋಕೆ ನನ್ನಿಂದಾಗ್ತಿರಲಿಲ್ಲ."

ಪ್ರದರ್ಶನದ ದಿನ ಯಜಮಾನ ಅವನಿಗೆ ಹೊಸ ಅಂಗಿ ಕೊಟ್ಟ. ಮುಂದಿನ ಹಾಲ್‌ನ ಮೂಲೆಗೆ ಒಂದು ಸಣ್ಣ ಲೇತ್ ತಂದಿಟ್ಟಿದ್ದರು. ಬಂದವರ ಎದುರು ಮೇಸ್ತ್ರಿ ಏನಾದರೂ ಕಡೆದು ತೋರಿಸಬೇಕು. ಗಾಜಿನ ಮುಖ ಹಾಕಿಕೊಂಡೇ. ಬೀರುವಿನ ಬೀಗ ತೆಗೆಯುವಾಗ ಗಣೆ ತನ್ನ ಲೇತಿನಿಂದಲೇ ಕೂಗಿ ಹೇಳಿದ: "ಜೋಪಾನ ಮೇಸ್ತ್ರಿ. ಗೀರು ಬಿದ್ದೀತು."

ಯಾರೂ ನಗಲಿಲ್ಲ.

ಹಾಲ್ ತಣ್ಣಗಿತ್ತು. ನೆಲದಲ್ಲಿ ಮುಖ ಕಾಣುತ್ತಿತ್ತು. ಅವನು ಕಡೆದದ್ದು, ಗಣೆ ಕಡೆದದ್ದು, ಪಾಲಿಶ್ ಹೆಂಗಸರು ತಿಕ್ಕಿ ತಿಕ್ಕಿ ಬೆರಳು ಸವೆಸಿಕೊಂಡದ್ದು, ಎಲ್ಲ ಗೋಡೆಯುದ್ದಕ್ಕೂ ದೀಪದ ಕೆಳಗೆ ಸಾಲಾಗಿ ನಿಂತಿದ್ದವು. ನಡುವೆ ಒಂದು ಕಂಬದ ಮೇಲೆ ಆ ಬಟ್ಟಲು. ಜನ ಬಂದರು. ಮೇಸ್ತ್ರಿ ಒಂದು ಸಣ್ಣ ಮರದ ತುಂಡಿನಲ್ಲಿ ಬುಗುರಿ ಕಡೆದ. ಚಪ್ಪಾಳೆ ಬಿತ್ತು. ಹಾಳೆಯ ಒಳಗೆ ಅವನ ಉಸಿರು ಬಿಸಿಯಾಗಿ ಮಂಜು ಕಟ್ಟಿತು. ಅಷ್ಟು ಹಗುರವಾಗಿತ್ತು ಅದು. ಇಷ್ಟೇ ಇಷ್ಟು. ಇದನ್ನು ಎತ್ತಿ ಕೊಟ್ಟಿದ್ದರೆ ಸಾಕಿತ್ತು.

ಕನ್ನಡಕ ಹಾಕಿದ ಒಬ್ಬ ಹಿರಿಯ ಹೆಂಗಸು ಬಟ್ಟಲಿನ ಮುಂದೆ ನಿಂತವಳು ಅಲ್ಲಿಂದ ಕದಲಲಿಲ್ಲ. ಒಳಗೆ ಕೈಯಿಟ್ಟು ಮೆಲ್ಲಗೆ ಸವರಿದಳು.

"ಈ ಕೆಂಪು ಎಲ್ಲಿಂದ ಬಂತು? ಬಣ್ಣ ಹಚ್ಚಿದ್ದಾ?"

"ಛೆ ಛೆ, ಬಣ್ಣ ನಾವು ಮುಟ್ಟಲ್ಲ ಮೇಡಮ್," ಅಂದ ಯಜಮಾನ. "ಅದು ಮರದಲ್ಲೇ ಹುಟ್ಟಿದ ಬಣ್ಣ. ಪ್ರಕೃತಿ ಕೊಟ್ಟಿದ್ದು."

ಮೇಸ್ತ್ರಿ ಲೇತ್ ನಿಲ್ಲಿಸಿದ. ಹಾಳೆಯನ್ನು ಹಣೆಯ ಮೇಲಕ್ಕೆ ಎತ್ತಿದ.

"ಅಲ್ಲ," ಅಂದ.

ದನಿ ಅವನದೇ ಅನ್ನಿಸಲಿಲ್ಲ. ಯಜಮಾನ ತಿರುಗಿ ನೋಡಿದ.

"ಮರದ್ದಲ್ಲ ಅದು. ನಮ್ಮತ್ತಿಗೆ ರಕ್ತ. ಅದನ್ನ ಕಡೀವಾಗ ಒಡೆದು ಅವಳ ಕಣ್ಣು ಹೋಯ್ತು. ಉಜ್ಜಿದೆ. ಹೋಗ್ಲಿಲ್ಲ. ಎಣ್ಣೆ ಹಾಕ್ದೆ."

ಹಾಲ್‌ನಲ್ಲಿ ಯಾರೋ ಕೆಮ್ಮಿದರು. ಯಜಮಾನ ನಕ್ಕ. "ಇವನಿಗೆ ಬೆಳಿಗ್ಗೆಯಿಂದ ಜ್ವರ. ಮೇಸ್ತ್ರಿ, ಒಳಗೆ ಹೋಗಿ ಮಲ್ಕೋ."

"ಜ್ವರ ಇಲ್ಲ."

ಆ ಹೆಂಗಸು ಬಟ್ಟಲಿನಿಂದ ಕೈ ಹಿಂದಕ್ಕೆ ತೆಗೆದುಕೊಂಡಳು. ತನ್ನ ಬೆರಳು ನೋಡಿಕೊಂಡಳು. ಅವಳ ಕಣ್ಣು ತುಂಬಿ ಬಂತು. ಅದು ನಾಟಕವಾಗಿರಲಿಲ್ಲ, ನಿಜವಾಗಿಯೂ ತುಂಬಿ ಬಂತು. "ಅಯ್ಯೋ ಪಾಪ," ಅಂದಳು. ಯಜಮಾನನ ಕಡೆ ತಿರುಗಿ, ಮೆಲುದನಿಯಲ್ಲಿ ಹೇಳಿದಳು: "ಇದನ್ನ ಬೇರೆ ಯಾರಿಗೂ ಕೊಡಬೇಡಿ. ನಾನೇ ತಗೋತೀನಿ. ಇದಕ್ಕೊಂದು ಕಥೆ ಇದೆ."

ಅಲ್ಲಿಯವರೆಗೂ ಮೇಸ್ತ್ರಿಗೆ, ಸತ್ಯ ಹೇಳಿದರೆ ಏನೋ ಕುಸಿದುಬೀಳುತ್ತದೆ ಅನ್ನುವ ನಂಬಿಕೆಯಿತ್ತು. ಏನೂ ಬೀಳಲಿಲ್ಲ. ದೀಪಗಳು ಹಾಗೇ ಉರಿಯುತ್ತಿದ್ದವು. ಬೆಲೆ ಏರಿತು, ಅಷ್ಟೆ.

ಅವನು ನಡೆದು ಹೋಗಿ ಕಂಬದ ಮೇಲಿನ ಬಟ್ಟಲನ್ನು ಎತ್ತಿಕೊಂಡ. "ಇದು ಮಾರೋದಲ್ಲ," ಅಂದ. ಬಿಳಿ ಕೈಗವಸಿನವನೊಬ್ಬ ಅಡ್ಡ ಬಂದ. ಮೇಸ್ತ್ರಿ ನಿಲ್ಲಲಿಲ್ಲ. ಬಟ್ಟಲನ್ನು ಎದೆಗವಚಿಕೊಂಡು ಮುಂದಿನ ಬಾಗಿಲಿನಿಂದಲೇ ಹೊರಗೆ ಬಂದ, ಮೆಟ್ಟಿಲಿಳಿದ, ಚರಂಡಿ ದಾಟಿದ. ದಾರಿಯಲ್ಲಿ ಮಕ್ಕಳು ಅವನ ಹಣೆ ತೋರಿಸಿ ನಕ್ಕವು. ಗಾಜಿನ ಮುಖ ಇನ್ನೂ ಹಣೆಯ ಮೇಲೇ ಇತ್ತು.

ಅತ್ತಿಗೆ ಹೊಸ್ತಿಲ ಮೇಲೆ ಕೂತು ಬಿಸಿಲಿಗೆ ಬೆನ್ನು ಕೊಟ್ಟಿದ್ದಳು. ಅವನು ಬಟ್ಟಲನ್ನು ಅವಳ ಮಡಿಲಲ್ಲಿಟ್ಟ. ಅವಳು ಅಂಚು ಮುಟ್ಟಿದಳು, ಗೊತ್ತಾಯಿತು. ಹೆಬ್ಬೆರಳು ಹಿತ್ತಾಳೆಯ ಗೆರೆಯ ಮೇಲೆ ಮೇಲಿನಿಂದ ಕೆಳಗಿನವರೆಗೆ ಹರಿಯಿತು. ಅಲ್ಲಿಂದ ಕಲೆಯ ಮೇಲೆ ಬಂತು. ಅಲ್ಲೇ ನಿಂತಿತು.

"ಕೂಡಿಸಿದ್ದು ಚೆನ್ನಾಗಿ ಕೂತಿದೆ," ಅಂದಳು. "ನಿನ್ನ ಕೈಯೇ."

"ಅತ್ತಿಗೆ..."

"ಒಲೆಗೆ ಹಾಕಿದ್ವಿ ಅಂದಿದ್ದೆ ನೀನು."

ಅವನು ಕುಸಿದು ಕೂತು ಅವಳ ಪಾದಕ್ಕೆ ಕೈ ಹಾಕಿದ. ಅವಳು ಕಾಲನ್ನು ಹಿಂದಕ್ಕೆಳೆದುಕೊಂಡಳು.

"ಎದ್ದೇಳು. ಕಾಲು ಹಿಡಿದ್ರೆ ನಿನಗೆ ಹಗುರ ಆಗುತ್ತೆ. ನನಗೇನಾಗುತ್ತೆ?"

ಅಷ್ಟರಲ್ಲಿ ಗಣೆ ಉದ್ದುದ್ದ ಹೆಜ್ಜೆ ಹಾಕುತ್ತ ಬಂದ. ಬಟ್ಟಲು ವಾಪಸ್ ಬರದಿದ್ದರೆ ಕಳ್ಳತನದ ದೂರು ಕೊಡುತ್ತೇನೆ ಅಂತ ಯಜಮಾನ ಹೇಳಿಕಳಿಸಿದ್ದ. ಗಣೆ ಅತ್ತಿಗೆಯ ಮಡಿಲು ನೋಡಿದ, ಕಲೆ ನೋಡಿದ, ನೆಲದ ಮೇಲೆ ಕೂತ ಮೇಸ್ತ್ರಿಯನ್ನು ನೋಡಿದ.

"ಕೊಡಲಿ ಕಾವು ಕುಲಕ್ಕೆ ಮೃತ್ಯು ಅಂತ ನಮ್ಮಜ್ಜಿ ಹೇಳೋಳು," ಅಂದ. "ಮರ ಕಡಿಯೋದು ಕಬ್ಬಿಣ ಅಲ್ಲ ಕಣೋ. ಕಬ್ಬಿಣಕ್ಕೆ ಹಿಡಿ ಆಗ್ತದಲ್ಲ, ಮರ, ಅದು."

ಮೇಸ್ತ್ರಿ ತಲೆ ಎತ್ತಲಿಲ್ಲ. 

ಅತ್ತಿಗೆ ಎದ್ದಳು. ಒಂದೇ ಕಣ್ಣಿಗೆ ನೆಲದ ಅಂದಾಜು ಇನ್ನೂ ಸಿಕ್ಕಿರಲಿಲ್ಲ, ಹೊಸ್ತಿಲು ಎಡವಿ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಗಣೆ ಕೈ ಕೊಡಲು ಹೋದ. ಬೇಡ ಅಂದಳು. ಬಟ್ಟಲನ್ನು ಬಿಂದಿಗೆಯಂತೆ ಸೊಂಟಕ್ಕೆ ಇಟ್ಟುಕೊಂಡು ಹೊರಟಳು. ಚರಂಡಿಯ ಹಲಗೆ ದಾಟಿದಳು. ಹಿಂದಿನ ಗೇಟಿನ ಕಡೆ ತಿರುಗಲಿಲ್ಲ. ನೇರ ಮುಂದಿನ ಬಾಗಿಲಿಗೆ ಹೋದಳು. ನಡುಮೆಟ್ಟಿಲಿನ ಮೇಲೆ ಕೂತಳು. ಬಟ್ಟಲನ್ನು ಪಕ್ಕದಲ್ಲಿಟ್ಟಳು. ಮುಖದ ಪಟ್ಟಿ ಬಿಚ್ಚಿದಳು.

ಒಳಗೆ ಹೋಗುವವರು ಅವಳನ್ನು ದಾಟಿ ಹೋಗಬೇಕಿತ್ತು. ಕೆಲವರು ದಾಟಿದರು. ಹಲವರು ನಿಂತರು, ನೋಡಿದರು, ಬಂದ ದಾರಿ ಹಿಡಿದರು.

ಯಜಮಾನ ಬಾಗಿಲಿಗೆ ಬಂದ. "ಏನಮ್ಮಾ ಇದು? ಆಸ್ಪತ್ರೆಗೆ ದುಡ್ಡು ನಾನು ಕೊಡ್ಲಿಲ್ವಾ? ಹಿಂದೆ ಬಾ, ಕೂತು ಮಾತಾಡೋಣ."

"ಹಿಂದೆ ತುಂಬ ದಿನ ಬಂದೆ," ಅಂದಳು ಅತ್ತಿಗೆ. "ಕಳ್ಳತನ ಅಂದ್ರಂತೆ. ಕರೆಸಿ ಪೊಲೀಸರನ್ನ. ಬಟ್ಟಲಿನ ಮೇಲೆ ನಿಮ್ಮ ಗುರುತು ಎಲ್ಲಿದೆ ತೋರ್ಸಿ. ನನ್ನ ಗುರುತು ನಾನು ತೋರ್ಸ್ತೀನಿ."

ಒಳಗೆ ಲೇತುಗಳ ಸದ್ದು ನಿಂತಿತು. ಎಲ್ಲವೂ ಒಟ್ಟಿಗೆ ಅಲ್ಲ, ಒಂದೊಂದಾಗಿ. ಪಾಲಿಶ್ ಹೆಂಗಸರು ಕೈಗೆ ಅಂಟಿದ್ದ ಮೇಣದ ಸಮೇತ ಬಂದರು. ಕೊರಡು ಹೊರುವವರು ಬಂದರು. ಎಲ್ಲರೂ ಹಾಲ್‌ನ ಮೂಲಕವೇ, ಹೊಳೆಯುವ ನೆಲದ ಮೇಲೆ ಪುಡಿ ಮೆತ್ತಿದ ಕಾಲಲ್ಲಿ ನಡೆದು ಬಂದು ಮೆಟ್ಟಿಲ ಮೇಲೆ ಕೂತರು. ಅತ್ತಿಗೆಯ ಹಿಂದೆಯೇ ಬಂದಿದ್ದ ಮೇಸ್ತ್ರಿಯೂ ಕೂರಲು ಹೋದ.

"ನೀನು ಇಲ್ಲಿ ಬೇಡ," ಅಂದಳು ಅತ್ತಿಗೆ, ತಿರುಗಿ ನೋಡದೆ. "ಆ ಕಡೆ ನಿಂತ್ಕೋ."

ಅವನು ಆ ಕಡೆ ನಿಂತ. ರಸ್ತೆಯ ಆಚೆ, ಬಿಸಿಲಲ್ಲಿ. ಎದುರಿಗೆ ಯಜಮಾನನ ಬಾಗಿಲು, ಅದರ ಮೆಟ್ಟಿಲ ಮೇಲೆ ತನ್ನವರು, ಅವನು ಎರಡಕ್ಕೂ ಸೇರದೆ ಹೊರಗೆ. ಇಷ್ಟು ವರ್ಷವೂ ನಿಂತಿದ್ದದ್ದು ಅಲ್ಲೇ ಅಲ್ಲವೇ ಅನ್ನಿಸಿತು. ಆಗ ಸೊಂಟದಲ್ಲಿ ಬೀಗದಕೈ ಇತ್ತು, ನೆರಳಿತ್ತು, ಗೊತ್ತಾಗಿರಲಿಲ್ಲ.

ಮಾರನೆಯ ದಿನವೂ ಕೂತರು. ಮೂರನೆಯ ದಿನ ಸುದ್ದಿ ತಿಳಿದು ಕಾರ್ಮಿಕ ಇಲಾಖೆಯ ಅಧಿಕಾರಿ ಬಂದ. ಯಜಮಾನ ಅವನನ್ನು ಒಳಗೆ ಕರೆದ. ಗಣೆ ಎದ್ದು ಅಡ್ಡ ನಿಂತ. "ಸಾಹೇಬ್ರೇ, ಕೇಳೋದನ್ನ ಇಲ್ಲೇ ಕೇಳಿ. ನಮಗೂ ಕಿವಿ ಇದೆ." ಅಧಿಕಾರಿ ಮೆಟ್ಟಿಲ ಬುಡದಲ್ಲಿ ಒಂದು ಕುರ್ಚಿ ಹಾಕಿಸಿಕೊಂಡ.

"ಬಿರುಕು ಬಿಟ್ಟ ಮರವನ್ನ ಲೇತಿಗೆ ಹಾಕು ಅಂದವರು ಯಾರು?"

ಎಲ್ಲರೂ ರಸ್ತೆಯ ಆಚೆ ನೋಡಿದರು. ಮೇಸ್ತ್ರಿ ದಾಟಿ ಬಂದ. ಯಜಮಾನ ಬಾಗಿಲಲ್ಲಿ ನಿಂತಿದ್ದ. ಮೇಸ್ತ್ರಿ ಅವನ ಕಡೆ ಬೆರಳು ತೋರಿಸಿದ. 

"ಯಜಮಾನ್ರು. ಅದೇ ಕೊರಡಲ್ಲಿ ಬಟ್ಟಲು ಬೇಕು ಅಂದ್ರು. ಅಷ್ಟೂ ಜನಕ್ಕೆ ಮುಖಕ್ಕೆ ಹಾಕೋದು ಒಂದೇ ಇಟ್ಟಿದ್ರು. ಆಸ್ಪತ್ರೇಲಿ ಸುಳ್ಳು ಹೇಳು ಅಂದ್ರು."

ಅಧಿಕಾರಿ ಬರೆದುಕೊಂಡ. ಮೇಸ್ತ್ರಿಯ ಎದೆಯಿಂದ ಏನೋ ಇಳಿದಂತಾಯಿತು. ಇಳಿಯುತ್ತಿರುವಾಗಲೇ ಅತ್ತಿಗೆಯ ದನಿ ಬಂತು.

"ಪೂರ್ತಿ ಹೇಳು."

ಅವನು ತಿರುಗಿದ.

"ಯಜಮಾನ್ರನ್ನ ಬಿಡಬೇಡ, ಸರಿ. ಆದ್ರೆ ಅವರ ಬೆನ್ನ ಹಿಂದೆ ಬಚ್ಚಿಟ್ಕೋಬೇಡ. ನಿನ್ನನ್ನೂ ಸೇರಿಸಿ ಹೇಳು."

ಬಿಸಿಲು ಸುಡುತ್ತಿತ್ತು. ಅಣ್ಣ ಕೊನೆಯ ಮೆಟ್ಟಿಲ ಮೇಲೆ ಕೂತು ತನ್ನ ಎರಡು ಕೈಗಳನ್ನೂ ಮೊಣಕಾಲ ನಡುವೆ ಒತ್ತಿ ಹಿಡಿದಿದ್ದ. ಮೇಸ್ತ್ರಿ ಅಧಿಕಾರಿಯ ಕಡೆ ನೋಡಲಿಲ್ಲ. ಗಣೆಯ ಕಡೆ, ಪಾಲಿಶ್ ಹೆಂಗಸರ ಕಡೆ ನೋಡಿ ಹೇಳಿದ.

"ಬಿರುಕು ನಾನೂ ನೋಡಿದ್ದೆ. ಅಂಟು ಸುರಿದು ಬಿಗಿದಿದ್ದು ನಾನು. ಅವಳು ಗಾಜಿನ ಮುಖ ಕೇಳಿದ್ಲು. ಬೀಗದಕೈ ನನ್ನ ಹತ್ರ ಇತ್ತು. ಕೊಡ್ಲಿಲ್ಲ. ಅವಳು ಕೇಳ್ದಾಗ ಯಜಮಾನ್ರು ಅಲ್ಲಿ ಇರ್ಲೂ ಇಲ್ಲ."

 ಅಧಿಕಾರಿ ಅದನ್ನೂ ಬರೆದುಕೊಂಡ.

ಆಮೇಲೆ ಆದದ್ದು ಇಷ್ಟು. ಯಜಮಾನನ ಮೇಲೆ ಕೇಸು ಬಿತ್ತು. ಆಸ್ಪತ್ರೆಯ ಸುಳ್ಳನ್ನು ತಿದ್ದಿಸಿದರು. ಬಟ್ಟಲನ್ನು ಬಟ್ಟೆಯಲ್ಲಿ ಸುತ್ತಿ ಸಾಕ್ಷಿಗೆ ಅಂತ ಒಯ್ದರು. ಲೇತಿಗೊಂದರಂತೆ ಮುಖದ ಹಾಳೆ ಬರುವವರೆಗೆ ಯಾರೂ ಒಳಗೆ ಹೋಗಲಿಲ್ಲ. ಬಂದ ದಿನ ಯಜಮಾನ ಪತ್ರಿಕೆಯವರನ್ನು ಕರೆಸಿ, ತಾನೇ ಹಂಚುತ್ತ ಫೋಟೋ ತೆಗೆಸಿಕೊಂಡ. ಕಡೆಯುವವರು ಮುಂದಿನ ಬಾಗಿಲಿನಿಂದ ಬರಬಹುದು ಅಂತ ಅವನು ಬಾಯಿಬಿಟ್ಟು ಹೇಳಲಿಲ್ಲ. ಅವರು ಕೇಳಲೂ ಇಲ್ಲ, ಬಂದರು. ಅವರ ಷರತ್ತುಗಳಲ್ಲಿ ಒಂದು, ಈ ಮೇಸ್ತ್ರಿ ಬೇಡ ಎಂಬುದು. ಅದನ್ನು ಹೇಳಿದವನು ಗಣೆ. ಹೇಳಿಸಿದವಳು ಅತ್ತಿಗೆ. ಮೇಸ್ತ್ರಿ ಕೊಯ್ಯುವ ಮಿಲ್ಲಿನಲ್ಲಿ ಅಣ್ಣನ ಜೊತೆ ಕೊರಡು ಹೊರುವ ಕೆಲಸ ಹಿಡಿದ. ಅಣ್ಣ ಕೊರಡಿನ ಒಂದು ತುದಿ, ತಮ್ಮ ಇನ್ನೊಂದು ತುದಿ. ಇಡೀ ದಿನ ಇಬ್ಬರ ಮಾತೂ "ಹುಂ, ಎತ್ತು," "ಹುಂ, ಇಳಿಸು," ಅಷ್ಟೆ.

ಒಂದು ಸಂಜೆ ಇಬ್ಬರೂ ಓಣಿಗೆ ಬಂದಾಗ ಅತ್ತಿಗೆ ಬಾಗಿಲಲ್ಲಿ ನಿಂತಿದ್ದಳು. ಮೇಸ್ತ್ರಿ ಎಂದಿನಂತೆ ನೆಲ ನೋಡುತ್ತ ದಾಟಿ ಹೋಗುತ್ತಿದ್ದ.

"ಬಾ ಇಲ್ಲಿ," ಅಂದಳು.

ಅವನು ನಿಂತ.

"ಊಟಕ್ಕೆ ಕರೀತಿಲ್ಲ. ಕಣ್ಣಿನ ಗುಳೀನ ದಿನಾ ತೊಳೆದು ಔಷಧಿ ಬಿಡ್ಬೇಕಂತೆ. ಇಲ್ದಿದ್ರೆ ಕೀವಾಗುತ್ತಂತೆ. ನನಗೆ ಕಾಣಲ್ಲ. ನಿಮ್ಮಣ್ಣನ ಕೈ ನಡುಗುತ್ತೆ."

ಒಳಗೆ ಕಿಟಕಿಯ ಹತ್ತಿರ ಸ್ಟೂಲಿನ ಮೇಲೆ ಕೂತಳು. ಅವನು ಕೈ ತೊಳೆದ. ಸೋಪು ಹಾಕಿ ಮತ್ತೆ ತೊಳೆದ. ಪಟ್ಟಿಯ ಗಂಟು ಬಿಚ್ಚಿದ. ಮೆಟ್ಟಿಲ ಮೇಲೆ ಊರಿಗೆಲ್ಲ ಅವಳು ತೋರಿಸಿದ್ದನ್ನು ಅವನು ರಸ್ತೆಯ ಆಚೆ ನಿಂತಿದ್ದರೂ ನೋಡಿರಲಿಲ್ಲ. ಈಗಲೂ ಅವನ ಕಣ್ಣು ಕಿಟಕಿಯ ಕಡೆ ಹೋಯಿತು.

"ಎಲ್ಲಿ ನೋಡ್ತಿದ್ದೀಯ? ಇಲ್ಲಿ ನೋಡು," ಅಂದಳು.

ಅವನು ನೋಡಿದ. ಎಡಗೈಯಿಂದ ರೆಪ್ಪೆಯನ್ನು ಮೆಲ್ಲಗೆ ಎತ್ತಿ ಹಿಡಿದು, ಪೂರ್ತಿ ನೋಡಿದ.

"ಹುಂ," ಅಂದಳು ಅತ್ತಿಗೆ. "ಈಗ ಔಷಧಿ ಬಿಡು."